ಒಂದು ಕಿಣ್ವದ ವಂಶಾವಳಿ

ಇಂದು ನಾನು ಹೇಳಹೊರಟಿರುವುದು ಒಂದು ಸೀಸೆಯ ಇತಿಹಾಸ. ಸೀಸೆ ದೊಡ್ಡದಲ್ಲ, ಕಿರುಬೆರಳಿನಷ್ಟು. ಅದರ ತಳದಲ್ಲಿ ಒಂದೆರಡು ಹನಿ ತಿಳಿಯಾದ ದ್ರವ; ಆ ದ್ರವದಲ್ಲಿ ಬರಿಗಣ್ಣಿಗೆ ಕಾಣದ, ಮೈಕ್ರೊಗ್ರಾಮುಗಳಲ್ಲಿ ತೂಗುವಷ್ಟು ಒಂದು ಪ್ರೋಟೀನು. ಅದನ್ನು ಶೂನ್ಯಕ್ಕಿಂತ ೮೦ ಡಿಗ್ರಿ ಕೆಳಗಿನ ಚಳಿಯಲ್ಲಿ ಇಡಬೇಕು. ಪ್ರಯಾಣದಲ್ಲಿ ಒಣ ಹಿಮಗಡ್ಡೆಯ ನಡುವೆ ಹುದುಗಿಸಿ ಕಳುಹಿಸಬೇಕು. ಬೆಂಗಳೂರಿನ, ಹೈದರಾಬಾದಿನ ಔಷಧ ಸಂಶೋಧನಾಲಯಗಳಿಗೆ ಇಂಥ ಸೀಸೆಗಳು ಬರುತ್ತಲೇ ಇರುತ್ತವೆ. ಮೇಲಿನ ಚೀಟಿಯನ್ನು ಕನ್ನಡದಲ್ಲಿ ಓದುವುದಾದರೆ ಅದರ ಅರ್ಥ ಇಷ್ಟು: ಇದು ಮಾನವ ಕೈನೇಸ್, ಮರುಜೋಡಣೆಯ ವಿಧಾನದಿಂದ ತಯಾರಾದದ್ದು, ಸಂಶೋಧನೆಗೆ ಮಾತ್ರ, ಚಿಕಿತ್ಸೆಗಲ್ಲ.

'ಮಾನವ' ಎಂಬ ವಿಶೇಷಣವನ್ನು ಕಂಡವರು ಇದನ್ನು ಯಾರದೋ ರಕ್ತದಿಂದಲೋ ಮಾಂಸದಿಂದಲೋ ತೆಗೆದಿರಬೇಕೆಂದು ಊಹಿಸುವುದು ಸಹಜ. ಹಾಗಿಲ್ಲ. ಆ ಸೀಸೆಯಲ್ಲಿ ಮನುಷ್ಯದೇಹದ ಒಂದು ಕಣವೂ ಇಲ್ಲ. ಹಾಗಾದರೆ ಅದು ಯಾರದು? ಅದರ ಹಿರಿಯರು ಯಾರು? ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ಹಸ್ತಪ್ರತಿಗಳ ವಂಶಾವಳಿಯನ್ನು ಹುಡುಕುವುದು ನನ್ನ ಕಸುಬಿನ ಒಂದು ಭಾಗವಾಗಿತ್ತು. ಆ ಅಭ್ಯಾಸಬಲದಿಂದಲೇ ಈ ಸೀಸೆಯ ವಂಶಾವಳಿಯನ್ನೂ ಹುಡುಕಹೊರಟೆ. ಅದು ನಮ್ಮ ರೇಷ್ಮೆ ಮನೆಗಳಿಗೂ ನಮ್ಮ ಗೋವಿನಜೋಳದ ಹೊಲಗಳಿಗೂ ಬಂದು ಮುಟ್ಟಿತು.

ಮೊದಲು ಹೆಸರನ್ನು ನೋಡೋಣ. ಇಂಗ್ಲಿಷಿನ 'ಎನ್‌ಜೈಮ್' ಶಬ್ದಕ್ಕೆ ನಮ್ಮ ಪಠ್ಯಪುಸ್ತಕಗಳು 'ಕಿಣ್ವ' ಎಂಬ ಶಬ್ದವನ್ನು ಬಳಸುತ್ತವೆ. ಇದು ಹೊಸದಾಗಿ ಟಂಕಿಸಿದ ಪದವಲ್ಲ. ಸಂಸ್ಕೃತದಲ್ಲಿ ಕಿಣ್ವವೆಂದರೆ ಮದ್ಯವನ್ನು ಹುಳಿಸಲು ಹಾಕುವ ಹೆಪ್ಪು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯ ಅಧ್ಯಕ್ಷನ ಕರ್ತವ್ಯವನ್ನು ಹೇಳುವಲ್ಲಿ ಕಿಣ್ವದ ಪ್ರಸ್ತಾಪವಿದೆ. ಚಾರ್ವಾಕರಂತೂ ಅದನ್ನು ತತ್ತ್ವಚರ್ಚೆಗೇ ತಂದರು: ಕಿಣ್ವಾದಿಗಳು ಕೂಡಿದಾಗ ಹೇಗೆ ಮದಶಕ್ತಿ ಹುಟ್ಟುವುದೋ ಹಾಗೆಯೇ ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ ಎಂಬುದು ಅವರ ವಾದ. ೧೯ನೆಯ ಶತಮಾನದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ 'ಎನ್‌ಜೈಮ್' ಎಂಬ ಪದವನ್ನು ಕಟ್ಟಿದಾಗ ಅವನ ಕಣ್ಣ ಮುಂದಿದ್ದುದೂ ಹೆಪ್ಪೇ. ಗ್ರೀಕಿನಲ್ಲಿ ಅದರ ಅರ್ಥ 'ಹುದುಗಿನಲ್ಲಿರುವುದು' ಎಂದು. ಎರಡು ಭಾಷೆಗಳು ಒಂದೇ ಗಡಿಗೆಯನ್ನು ನೋಡಿ ಹೆಸರಿಟ್ಟಿವೆ.

ಇನ್ನು 'ಕೈನೇಸ್'. ಇದರ ಮೂಲ ಚಲನೆಯನ್ನು ಸೂಚಿಸುವ ಗ್ರೀಕ್ ಧಾತು. 'ಸಿನಿಮಾ' ಶಬ್ದ ಹುಟ್ಟಿದ್ದೂ ಅದರಿಂದಲೇ. ೧೮೯೯ರಲ್ಲಿ ರಷ್ಯದ ಪಾವ್ಲೋವನ ಪ್ರಯೋಗಶಾಲೆಯಲ್ಲಿ, ಕರುಳಿನಲ್ಲಿದ್ದು ಬೇರೊಂದು ಜೀರ್ಣರಸವನ್ನು ಎಚ್ಚರಿಸುವ ವಸ್ತುವಿಗೆ ಎಂಟರೊಕೈನೇಸ್ ಎಂದು ಹೆಸರಿಟ್ಟರು. ೧೯೨೭ರಲ್ಲಿ ಆಟೊ ಮೈಯರ್‌ಹೋಫ್ ಸಕ್ಕರೆಯ ಮೇಲೆ ಕೆಲಸ ಮಾಡುವ ಕಿಣ್ವಕ್ಕೆ ಹೆಕ್ಸೊಕೈನೇಸ್ ಎಂದು ಕರೆದ. ಆ ಬಳಿಕ ಕೈನೇಸ್ ಎಂಬುದಕ್ಕೆ ಖಚಿತವಾದ ಅರ್ಥ ನೆಲೆನಿಂತಿತು: ಎ.ಟಿ.ಪಿ. ಎಂಬ ಅಣುವಿನಿಂದ ಒಂದು ಫಾಸ್ಫೇಟನ್ನು ಎತ್ತಿ ಇನ್ನೊಂದು ಅಣುವಿನ ಮೇಲೆ ಇಡುವ ಕಿಣ್ವವೇ ಕೈನೇಸ್. ಹೃದಯಾಘಾತದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಲು ಕೊಡುವ ಸ್ಟ್ರೆಪ್ಟೊಕೈನೇಸಿನ ಹೆಸರು ಅನೇಕರಿಗೆ ಪರಿಚಿತ. ಅದು ಹಳೆಯ ಅರ್ಥದ ಕೈನೇಸ್. ಹೆಸರಿನಲ್ಲಿ ಮಾತ್ರ ನೆಂಟ, ಕೆಲಸದಲ್ಲಿ ಅಲ್ಲ.

ಎ.ಟಿ.ಪಿ. ಎಂದಾಗ ತೆಲುಗು ನಾಡಿನ ಒಬ್ಬ ಮಹನೀಯರನ್ನು ನೆನೆಯದೆ ಮುಂದೆ ಹೋಗಲಾಗದು. ೧೮೯೫ರಲ್ಲಿ ಭೀಮಾವರದಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ೧೯೨೩ರಲ್ಲಿ ಅಮೆರಿಕದ ಹಾರ್ವರ್ಡಿಗೆ ಹೋದರು. ಅಲ್ಲಿ ಸೈರಸ್ ಫಿಸ್ಕೆಯೊಡನೆ, ದೇಹದ ದ್ರವಗಳಲ್ಲಿ ರಂಜಕ ಎಷ್ಟಿದೆಯೆಂದು ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವೊಂದನ್ನು ೧೯೨೫ರಲ್ಲಿ ರೂಪಿಸಿದರು. ಆ ಅಳತೆಗೋಲನ್ನು ಹಿಡಿದೇ ಸ್ನಾಯುಗಳಲ್ಲಿ ಫಾಸ್ಫೊಕ್ರಿಯಾಟಿನ್ ಎಂಬುದನ್ನೂ, ೧೯೨೯ರಲ್ಲಿ ಎ.ಟಿ.ಪಿ.ಯನ್ನೂ ಕಂಡರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಕೂಡ ಸ್ವತಂತ್ರವಾಗಿ ಅದನ್ನು ಕಂಡಿದ್ದ. ಎಲ್ಲ ಜೀವಿಗಳಲ್ಲಿಯೂ ಶಕ್ತಿಯ ನಾಣ್ಯವಾಗಿ ಚಲಾವಣೆಯಲ್ಲಿರುವುದು ಈ ಎ.ಟಿ.ಪಿ. ಈ ನಾಣ್ಯದಿಂದ ಒಂದು ಬಿಲ್ಲೆಯನ್ನು ಮುರಿದು ಬೇಕಾದಲ್ಲಿಗೆ ಸಲ್ಲಿಸುವ ಕಾರಕೂನನೇ ಕೈನೇಸ್ ಎಂದರೆ ತಪ್ಪಾಗದು.

ಈ ಕಾರಕೂನನ ಅಧಿಕಾರ ಎಷ್ಟು ದೊಡ್ಡದೆಂಬುದು ತಿಳಿದದ್ದು ೧೯೫೫ರ ಸುಮಾರಿಗೆ, ಅಮೆರಿಕದ ಸಿಯಾಟಲ್ ನಗರದಲ್ಲಿ. ಎಡ್ಮಂಡ್ ಫಿಷರ್, ಎಡ್ವಿನ್ ಕ್ರೆಬ್ಸ್ ಎಂಬಿಬ್ಬರು ಸ್ನಾಯುವಿನ ಒಂದು ಕಿಣ್ವವನ್ನು ಅಭ್ಯಸಿಸುತ್ತಿದ್ದರು. ಅವರಿಗೆ ಮೊದಲು ಕೋರಿ ದಂಪತಿಗಳು ಸ್ನಾಯುರಸವನ್ನು ಕಾಗದದಲ್ಲಿ ಸೋಸಿ ಆ ಕಿಣ್ವವನ್ನು ಎಚ್ಚೆತ್ತ ರೂಪದಲ್ಲಿ ಪಡೆಯುತ್ತಿದ್ದರು. ಇವರು ಕಾಗದವನ್ನು ಬಿಟ್ಟು ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸಿದಾಗ ಅದೇ ಕಿಣ್ವ ಮಲಗಿದ ರೂಪದಲ್ಲಿ ದೊರಕಿತು. ಸೋಸುಕಾಗದದಲ್ಲಿದ್ದ ಲೇಶಮಾತ್ರದ ಕ್ಯಾಲ್ಸಿಯಂ ಎರಡನೆಯದೊಂದು ಕಿಣ್ವವನ್ನು ಎಬ್ಬಿಸುತ್ತಿತ್ತು. ಆ ಎರಡನೆಯದು ಮೊದಲನೆಯದರ ಮೇಲೆ ಫಾಸ್ಫೇಟನ್ನಿಟ್ಟು ಅದನ್ನು ಕೆಲಸಕ್ಕೆ ಹಚ್ಚುತ್ತಿತ್ತು. ಒಂದು ಪ್ರೋಟೀನು ಇನ್ನೊಂದು ಪ್ರೋಟೀನನ್ನು ಹೀಗೆ ಎಚ್ಚರಿಸುವ, ಮಲಗಿಸುವ ಕ್ರಮವೇ ಜೀವಕೋಶದ ಆಡಳಿತದ ರೀತಿಯೆಂದು ಕ್ರಮೇಣ ಸ್ಪಷ್ಟವಾಯಿತು. ಈ ಇಬ್ಬರಿಗೆ ನೊಬೆಲ್ ಬಹುಮಾನ ಬಂದುದು ೧೯೯೨ರಲ್ಲಿ, ಮೂವತ್ತೇಳು ವರ್ಷಗಳ ತರುವಾಯ.

ಆಡಳಿತ ಕೆಟ್ಟರೆ ಏನಾಗುತ್ತದೆಂಬುದಕ್ಕೆ ನಿದರ್ಶನ ಕೋಳಿಯಲ್ಲಿ ದೊರಕಿತು. ೧೯೧೧ರಲ್ಲಿ ಪೇಟನ್ ರೌಸ್ ಕೋಳಿಯ ಗೆಡ್ಡೆಯೊಂದು ವೈರಸ್ಸಿನಿಂದ ಹರಡುತ್ತದೆಂದು ತೋರಿಸಿದ್ದ. ಆ ವೈರಸ್ಸಿನ ಯಾವ ಪ್ರೋಟೀನು ಗೆಡ್ಡೆಗೆ ಕಾರಣ ಎಂದು ಹುಡುಕುತ್ತ ಹೋದ ಕಾಲೆಟ್ ಮತ್ತು ಎರಿಕ್ಸನ್, ೧೯೭೮ರಲ್ಲಿ ಅದೊಂದು ಕೈನೇಸ್ ಎಂದು ಕಂಡರು. ಮರುವರ್ಷ ಟೋನಿ ಹಂಟರ್, ಇಂಥ ಕೈನೇಸ್ ಟೈರೊಸಿನ್ ಎಂಬ ಘಟಕದ ಮೇಲೆ ಫಾಸ್ಫೇಟನ್ನಿಡುತ್ತದೆಂದು ತೋರಿಸಿದ. ಹಳೆಯ ದ್ರಾವಣವೊಂದನ್ನೇ ಮತ್ತೆ ಬಳಸಿದ್ದರಿಂದ ಅದರ ಆಮ್ಲತೆ ತುಸು ವ್ಯತ್ಯಾಸವಾಗಿ, ಅಂಟಿಕೊಂಡಿರುತ್ತಿದ್ದ ಎರಡು ಗುರುತುಗಳು ಬೇರೆ ಬೇರೆಯಾಗಿ ಕಂಡವೆಂದು ಅವನೇ ಹೇಳಿಕೊಂಡಿದ್ದಾನೆ. ಮನುಷ್ಯನ ಅನೇಕ ಕ್ಯಾನ್ಸರುಗಳಲ್ಲಿ, ಮಲಗಬೇಕಾದಾಗ ಮಲಗದ ಕೈನೇಸುಗಳಿವೆಯೆಂಬುದು ಮುಂದೆ ತಿಳಿಯಿತು. ರಕ್ತದ ಒಂದು ಬಗೆಯ ಕ್ಯಾನ್ಸರಿಗೆ ಮದ್ದಾದ ಇಮಾಟಿನಿಬ್ ೨೦೦೧ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಅದು ಅಂಥದೊಂದು ಕೈನೇಸಿನ ಬಾಯಿಗೆ ಬೀಗ ಹಾಕುವ ಔಷಧ.

೨೦೦೨ರಲ್ಲಿ ಮನುಷ್ಯನ ಜೀನುಗಳಲ್ಲಿರುವ ಕೈನೇಸುಗಳನ್ನೆಲ್ಲ ಎಣಿಸಿದವರು ೫೧೮ ಎಂಬ ಲೆಕ್ಕ ಕೊಟ್ಟರು. ಇಂಥ ಲೆಕ್ಕದ ಕೆಲಸದಲ್ಲಿ ಬೆಂಗಳೂರಿಗೂ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಣು ಜೀವಭೌತ ವಿಭಾಗದ ಎನ್. ಶ್ರೀನಿವಾಸನ್ ಮತ್ತು ಅವರ ವಿದ್ಯಾರ್ಥಿಗಳು ಹಲವು ಜೀವಿಗಳ ಕೈನೇಸುಗಳನ್ನು ಕಲೆಹಾಕಿ, ೨೦೦೪ರಲ್ಲಿ ಅವುಗಳ ಕೋಶವೊಂದನ್ನು ಪ್ರಕಟಿಸಿದರು. ನಿಘಂಟುಕಾರನ ಶ್ರದ್ಧೆಯ ಕೆಲಸ ಅದು. ಶ್ರೀನಿವಾಸನ್ ೨೦೨೧ರಲ್ಲಿ ತೀರಿಕೊಂಡರು.

ಎಣಿಸಿದ್ದಾಯಿತು, ಆದರೆ ಪರೀಕ್ಷಿಸುವುದು ಹೇಗೆ? ಹೊಸ ಮದ್ದೊಂದು ಈ ಐನೂರು ಚಿಲ್ಲರೆ ಕೈನೇಸುಗಳಲ್ಲಿ ಯಾವುದರ ಬಾಯಿ ಕಟ್ಟುತ್ತದೆ, ಯಾವುದನ್ನು ಬಿಡುತ್ತದೆ ಎಂದು ಮೊದಲೇ ತಿಳಿಯಬೇಕು. ಅದಕ್ಕೆ ಪ್ರತಿಯೊಂದು ಕೈನೇಸೂ ಬೇರೆಬೇರೆಯಾಗಿ, ಶುದ್ಧವಾಗಿ, ಕೆಲಸ ಮಾಡುವ ಸ್ಥಿತಿಯಲ್ಲಿ ಕೈಗೆ ಸಿಗಬೇಕು. ಕೋಶವೊಂದರಲ್ಲಿ ಯಾವೊಂದು ಕೈನೇಸಿನ ಪ್ರಮಾಣವೂ ಅತ್ಯಲ್ಪ. ಮನುಷ್ಯನ ಅಂಗಾಂಶದಿಂದ ಅವನ್ನು ಪಡೆಯುವುದು ಅಶಕ್ಯ, ಅನುಚಿತ ಕೂಡ. ಇಲ್ಲಿಯೇ ನಮ್ಮ ಸೀಸೆಯ ಪ್ರವೇಶ.

ಹಸ್ತಪ್ರತಿಯ ಉಪಮೆಯಿಂದ ಇದನ್ನು ವಿವರಿಸುವೆ. ಜೀನ್ ಎಂಬುದು ಒಂದು ಓಲೆಗರಿ. ಅದರಲ್ಲಿ ಪ್ರೋಟೀನನ್ನು ಕಟ್ಟುವ ಕ್ರಮ ಬರೆದಿದೆ. ಆಶ್ಚರ್ಯವೆಂದರೆ ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಲಿಪಿ ಒಂದೆ. ಗ್ರಂಥಗಳು ಮಾತ್ರ ಬೇರೆ. ಆದುದರಿಂದ ಮನುಷ್ಯನ ಒಂದು ಗರಿಯನ್ನು ನಕಲು ಮಾಡಿ ಇನ್ನೊಂದು ಜೀವಿಯ ಕಟ್ಟಿನಲ್ಲಿ ಸೇರಿಸಿದರೆ, ಆ ಜೀವಿ ಭೇದವರಿಯದೆ ಅದನ್ನು ಓದಿ ಮನುಷ್ಯನ ಪ್ರೋಟೀನನ್ನು ಕಟ್ಟುತ್ತದೆ. ೧೯೭೩ರಲ್ಲಿ ಸ್ಟ್ಯಾನ್ಲಿ ಕೋಹೆನ್, ಹರ್ಬರ್ಟ್ ಬಾಯರ್ ಮೊದಲಾದವರು ಹೀಗೆ ಗರಿ ಸೇರಿಸುವ ವಿದ್ಯೆಯನ್ನು ಸಾಧಿಸಿದರು. ೧೯೭೮ರಲ್ಲಿ ಬ್ಯಾಕ್ಟೀರಿಯಾ ಮಾನವ ಇನ್ಸುಲಿನ್ನನ್ನು ಕಟ್ಟಿತು. ೧೯೮೨ರಲ್ಲಿ ಅದು ಔಷಧವಾಗಿ ಮಾರುಕಟ್ಟೆಗೆ ಬಂತು. ಮರುಜೋಡಣೆ ಎಂದರೆ ಇದೇ.

ಆದರೆ ಬ್ಯಾಕ್ಟೀರಿಯಾ ಅವಸರದ ಲಿಪಿಕಾರ. ಇನ್ಸುಲಿನ್ನಿನಂಥ ಚಿಕ್ಕ ಪದ್ಯವನ್ನು ಅದು ಬರೆದೀತು; ಮಾನವ ಕೈನೇಸಿನಂಥ ದೀರ್ಘ, ಜಟಿಲ ಗ್ರಂಥವನ್ನು ಕೊಟ್ಟರೆ ಅನೇಕ ವೇಳೆ ತಡವರಿಸುತ್ತದೆ. ಪ್ರೋಟೀನು ಸರಿಯಾಗಿ ಮಡಿಚಿಕೊಳ್ಳದೆ ಗಂಟುಗಂಟಾಗುತ್ತದೆ. ಕೆಲವು ಕೈನೇಸುಗಳು ಬ್ಯಾಕ್ಟೀರಿಯಾದ ಸ್ವಂತ ಪ್ರೋಟೀನುಗಳ ಮೇಲೆಲ್ಲ ಫಾಸ್ಫೇಟನ್ನಿಟ್ಟು ಅದನ್ನೇ ಕೊಲ್ಲುವುದೂ ಉಂಟು. ಎಲ್ಲವೂ ಹಾಗಲ್ಲ; ಕೆಲವನ್ನು ಬ್ಯಾಕ್ಟೀರಿಯಾದಲ್ಲಿಯೇ ಮಾಡುತ್ತಾರೆ. ಆದರೂ ಬಹುಸಂಖ್ಯೆಯ ಮಾನವ ಕೈನೇಸುಗಳಿಗೆ ಮನುಷ್ಯನಿಗೆ ಇನ್ನೂ ಹತ್ತಿರದ ಲಿಪಿಕಾರನೊಬ್ಬ ಬೇಕಾದ. ಅವನು ಸಿಕ್ಕಿದ್ದು ಎಲ್ಲಿ? ಒಂದು ಪತಂಗದ ಅಂಡಾಶಯದಲ್ಲಿ.

ಅಮೆರಿಕದ ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್ ಎಂಬಲ್ಲಿ ಆ ದೇಶದ ಕೃಷಿ ಇಲಾಖೆಯ ಕೀಟರೋಗ ಪ್ರಯೋಗಶಾಲೆಯಿತ್ತು. ಅಲ್ಲಿ ಜೇಮ್ಸ್ ವಾನ್ ಮತ್ತು ಸಂಗಡಿಗರು ಸ್ಪೊಡಾಪ್ಟೆರಾ ಫ್ರುಜಿಪೆರ್ಡಾ ಎಂಬ ಪತಂಗದ ಕೋಶಾವಸ್ಥೆಯಿಂದ ಅಂಡಾಶಯವನ್ನು ಬಿಡಿಸಿ, ಅದರ ಜೀವಕೋಶಗಳು ಗಾಜಿನ ಪಾತ್ರೆಯಲ್ಲಿ ನಿರಂತರ ಬೆಳೆಯುವಂತೆ ಮಾಡಿ, ೧೯೭೭ರಲ್ಲಿ ಆ ಸಂಗತಿಯನ್ನು ಪ್ರಕಟಿಸಿದರು. ಆ ವಂಶದಿಂದ ಆರಿಸಿ ತೆಗೆದ ಒಂದು ಕವಲು ೧೯೮೩ರ ಹೊತ್ತಿಗೆ ಸಿದ್ಧವಾಯಿತು, ಎಸ್.ಎಫ್. ೯ ಎಂಬ ಹೆಸರಿನಿಂದ ಅದು ಇಂದು ಲೋಕದ ಎಲ್ಲ ಕಡೆ ಬೆಳೆಯುತ್ತಿದೆ. ಆ ಪತಂಗದ ಮರಿ ಜೋಳದ ಬೆಳೆಯನ್ನು ದಂಡಿನಂತೆ ನುಗ್ಗಿ ತಿನ್ನುವ ಹುಳು. ವಾನ್ ಮತ್ತು ಸಂಗಡಿಗರ ಲಕ್ಷ್ಯ ಮನುಷ್ಯನ ಕ್ಯಾನ್ಸರಿನ ಕಡೆಗಿರಲಿಲ್ಲ. ಹುಳುಗಳಿಗೆ ರೋಗ ತರುವ ವೈರಸ್ಸುಗಳನ್ನು ಬೆಳೆಸಿ, ಅವನ್ನು ಹೊಲದ ಕೀಟಗಳ ಮೇಲೆ ಪ್ರಯೋಗಿಸಬಹುದೆ ಎಂಬುದು ಅಂಥ ಪ್ರಯೋಗಶಾಲೆಗಳ ಪ್ರಶ್ನೆಯಾಗಿತ್ತು. ೧೯೭೫ರಲ್ಲಿ ಹತ್ತಿಯ ಕಾಯಿಕೊರಕದ ವಿರುದ್ಧ ಇಂಥದೊಂದು ವೈರಸ್ಸು ಅಮೆರಿಕದಲ್ಲಿ ಕೀಟನಾಶಕವಾಗಿ ನೋಂದಣಿಯೂ ಆಗಿತ್ತು. ಹೊಲವನ್ನು ಕಾಯುವ ವಿದ್ಯೆಯೇ ಇದರ ತಾಯಿಬೇರು.

ಇನ್ನು ಆ ವೈರಸ್ಸಿನ ವಿಷಯ. ಇದು ನಮ್ಮ ರೇಷ್ಮೆ ಬೆಳೆಗಾರರಿಗೆ ಹಳೆಯ ಪರಿಚಯ. ರಾಮನಗರ, ಕೋಲಾರಗಳ ಕಡೆ ಹುಳು ಸಾಕುವವರು ಹಾಲುತೊಂಡೆ ರೋಗವೆನ್ನುತ್ತಾರಲ್ಲ, ಅದನ್ನು ತರುವುದು ಈ ಕುಲದ ವೈರಸ್ಸೆ. ಹುಳು ಊದಿಕೊಂಡು, ಚರ್ಮ ಒಡೆದು, ಹಾಲಿನಂಥ ರಸ ಸೋರುತ್ತದೆ. ತಟ್ಟೆಗೆ ತಟ್ಟೆಯೇ ಹಾಳಾಗುತ್ತದೆ. ಇಟಲಿಯ ಕವಿ ಮಾರ್ಕೊ ವಿಡಾ ೧೫೨೭ರಲ್ಲಿ ಪ್ರಕಟಿಸಿದ, ರೇಷ್ಮೆ ಹುಳುವನ್ನೇ ವಸ್ತುವಾಗುಳ್ಳ ಲ್ಯಾಟಿನ್ ಕಾವ್ಯದಲ್ಲಿ ಈ ರೋಗದ ವರ್ಣನೆ ಬರುತ್ತದೆಂದು ವಿದ್ವಾಂಸರು ಗುರುತಿಸಿದ್ದಾರೆ. ಈ ವೈರಸ್ಸುಗಳ ಚರಿತ್ರೆಯ ಮೊದಲ ಪುಟ ಒಂದು ಕಾವ್ಯದಲ್ಲಿದೆಯೆಂಬುದು ಸಾಹಿತ್ಯಪ್ರಿಯರಿಗೆ ಸಂತೋಷದ ಸಂಗತಿಯಲ್ಲವೆ?

ಆ ಹಾಲಿನಂಥ ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಸಂಖ್ಯ ಹರಳುಗಳು ಹೊಳೆಯುತ್ತವೆ. ವೈರಸ್ಸು ತನ್ನನ್ನು ಕಾಪಾಡಿಕೊಳ್ಳಲು ಪಾಲಿಹೆಡ್ರಿನ್ ಎಂಬ ಒಂದೇ ಪ್ರೋಟೀನನ್ನು ರಾಶಿರಾಶಿಯಾಗಿ ಮಾಡಿಸಿ ಆ ಹರಳುಗಳೊಳಗೆ ಅವಿತಿರುತ್ತದೆ. ಹುಳು ಸತ್ತು ಕೊಳೆತ ಮೇಲೆ ಬಿಸಿಲಿಗೂ ಮಳೆಗೂ ಅಳುಕದೆ ಎಲೆಯ ಮೇಲೆ ಕಾದಿರಲು ಈ ಕವಚ ಬೇಕು. ಆದರೆ ಗಾಜಿನ ಪಾತ್ರೆಯೊಳಗೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ. ಅಲ್ಲಿ ಕವಚ ನಿರರ್ಥಕ. ಹಾಗಿದ್ದರೆ ಕವಚದ ಗರಿಯನ್ನು ಕಿತ್ತು, ಆ ಜಾಗದಲ್ಲಿ ಮನುಷ್ಯನ ಗರಿಯನ್ನು ಸೇರಿಸಿದರೆ? ಕವಚಕ್ಕಾಗಿ ವ್ಯಯವಾಗುತ್ತಿದ್ದ ದುಡಿಮೆಯೆಲ್ಲ ಮನುಷ್ಯನ ಪ್ರೋಟೀನನ್ನು ಕಟ್ಟುವುದಕ್ಕೆ ಒದಗೀತಲ್ಲ! ಟೆಕ್ಸಾಸಿನಲ್ಲಿ ಮ್ಯಾಕ್ಸ್ ಸಮರ್ಸ್, ಗೇಲ್ ಸ್ಮಿತ್ ಮೊದಲಾದವರು ಮಾಡಿದ್ದು ಇದನ್ನೆ. ಇನ್ನೊಂದು ಪತಂಗದ ವೈರಸ್ಸನ್ನು ತೆಗೆದುಕೊಂಡು, ಸ್ಪೊಡಾಪ್ಟೆರಾದ ಕೋಶಗಳಲ್ಲಿ ಅದನ್ನು ಬೆಳೆಸಿ, ೧೯೮೩ರಲ್ಲಿ ಮಾನವ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಪಡೆದರು. ಪತಂಗದ ಕೋಶ ಬ್ಯಾಕ್ಟೀರಿಯಾಕ್ಕಿಂತ ತಾಳ್ಮೆಯ ಲಿಪಿಕಾರ. ಪ್ರೋಟೀನನ್ನು ಸರಿಯಾಗಿ ಮಡಿಚುತ್ತದೆ, ಅದರ ಮೇಲಿನ ಅಲಂಕಾರಗಳನ್ನೂ ಬಹುಮಟ್ಟಿಗೆ ಬಿಡಿಸುತ್ತದೆ. ಮುಂದೆ ಮಾನವ ಕೈನೇಸುಗಳ ತಯಾರಿಕೆಗೆ ಇದೇ ರಾಜಮಾರ್ಗವಾಯಿತು.

೧೯೮೫ರಲ್ಲಿ ಜಪಾನಿನ ಸುಸುಮು ಮಯೆದಾ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆಯಿಟ್ಟರು. ಗಾಜಿನ ಪಾತ್ರೆಯ ಬದಲು ಜೀವಂತ ರೇಷ್ಮೆ ಹುಳುವಿನಲ್ಲಿಯೇ, ರೇಷ್ಮೆ ಹುಳುವಿನ ವೈರಸ್ಸನ್ನೇ ಬಳಸಿ, ಮಾನವ ಪ್ರೋಟೀನನ್ನು ಕಟ್ಟಿಸಿದರು. ಟಿಪ್ಪುವಿನ ಕಾಲದಿಂದ ರೇಷ್ಮೆಗೆ ಹೆಸರಾದ ನಮ್ಮ ನಾಡಿನಲ್ಲಿ ಈ ವಿದ್ಯೆಯನ್ನು ಯಾರಾದರೂ ಕೈಗೆತ್ತಿಕೊಂಡರೆ? ಎತ್ತಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಅವರೂ ಅವರ ವಿದ್ಯಾರ್ಥಿಗಳೂ ಇಲ್ಲಿಯದೇ ಆದ ಹಾಲುತೊಂಡೆಯ ವೈರಸ್ಸನ್ನು ಬೇರ್ಪಡಿಸಿ ಅದರ ಲಕ್ಷಣಗಳನ್ನು ನಿರೂಪಿಸಿದರು. ಮಿಂಚುಹುಳದ ಬೆಳಕಿಗೆ ಕಾರಣವಾದ ಲೂಸಿಫೆರೇಸ್ ಎಂಬ ಕಿಣ್ವವನ್ನು ರೇಷ್ಮೆ ಹುಳುವಿನ ಕೋಶಗಳಲ್ಲಿಯೂ ಹುಳುವಿನ ಮೈಯಲ್ಲಿಯೂ ವಿಪುಲವಾಗಿ ಕಟ್ಟಿಸಿ, ೧೯೯೫ರಲ್ಲಿ ಅದನ್ನು ಪ್ರಕಟಿಸಿದರು. ಅದು ಕೈನೇಸ್ ಅಲ್ಲ. ಆದರೆ ದಾರಿ ಅದೇ ದಾರಿ. ಬೆಳೆಗಾರನ ತಟ್ಟೆಯಲ್ಲಿ ನಷ್ಟವೆನಿಸಿದ್ದು ಪ್ರಯೋಗಶಾಲೆಯಲ್ಲಿ ಸಾಧನವಾಯಿತು. ಎರಡಕ್ಕೂ ನಡುವೆ ಇದ್ದ ದೂರ ಕೆಲವು ವರ್ಷಗಳ ಸಹನೆಯ ಅಭ್ಯಾಸ ಮಾತ್ರ.

ವಂಶಾವಳಿಯಲ್ಲಿ ಇನ್ನೊಬ್ಬನ ಹೆಸರು ಉಳಿದಿದೆ. ಕೋಶದ ಸಾವಿರಾರು ಪ್ರೋಟೀನುಗಳ ಸಂತೆಯಿಂದ ನಮಗೆ ಬೇಕಾದ ಕೈನೇಸೊಂದನ್ನೇ ಹಿಡಿದೆಳೆಯಲು ಅದಕ್ಕೊಂದು ಹಿಡಿ ಬೇಕು. ಅನೇಕ ಕೈನೇಸುಗಳಿಗೆ ಜಿ.ಎಸ್.ಟಿ. ಎಂಬ ಹಿಡಿಯನ್ನು ಕೂಡಿಸುತ್ತಾರೆ. ನಗಬೇಡಿ, ಇದು ವರ್ತಕರ ತೆರಿಗೆಯಲ್ಲ! ಗ್ಲುಟಾಥಯೋನ್ ಎಸ್-ಟ್ರಾನ್ಸ್‌ಫೆರೇಸ್ ಎಂಬ ಪ್ರೋಟೀನಿನ ಹ್ರಸ್ವನಾಮ. ೧೯೮೮ರಲ್ಲಿ ಆಸ್ಟ್ರೇಲಿಯದ ಸ್ಮಿತ್, ಜಾನ್ಸನ್ ಎಂಬವರು ಇದನ್ನು ಹಿಡಿಯಾಗಿ ಬಳಸುವ ಕ್ರಮವನ್ನು ಪ್ರಕಟಿಸಿದರು. ಆ ಪ್ರೋಟೀನನ್ನು ಅವರು ಪಡೆದದ್ದು, ಏಷ್ಯದ ಕೆಲವು ದೇಶಗಳಲ್ಲಿ ಗದ್ದೆಯ ನೀರಿಗಿಳಿದ ಬಡವರ ರಕ್ತನಾಳ ಹೊಕ್ಕು ಕಾಡುವ ಒಂದು ಪರೋಪಜೀವಿ ಹುಳುವಿನಿಂದ. ಅಲ್ಲಿಯೂ ಮೂಲದ ಉದ್ದೇಶ ಆ ಹುಳುವಿನ ರೋಗಕ್ಕೆ ಲಸಿಕೆ ಹುಡುಕುವುದೇ ಆಗಿತ್ತು. ಒಟ್ಟಿನಲ್ಲಿ, 'ಮಾನವ' ಎಂದು ಚೀಟಿ ಹೊತ್ತ ಸೀಸೆಯಲ್ಲಿ ಪಾಠ ಮಾತ್ರ ಮನುಷ್ಯನದು. ಬರೆದ ಕೈ ಬೆಳೆ ತಿನ್ನುವ ಹುಳುವಿನದು, ಬರೆಯಿಸಿದ ಒತ್ತಾಯ ರೋಗಾಣುವಿನದು, ಹಿಡಿ ರಕ್ತಹೀರುವ ಕ್ರಿಮಿಯದು. ಮೂರೂ ರೈತನ, ಬಡವನ ಹಗೆಗಳು.

ಈಗ ನಮ್ಮ ಹೊಲಕ್ಕೆ ಬರೋಣ. ಬೆಲ್ಟ್ಸ್‌ವಿಲ್ಲಿನಲ್ಲಿ ಯಾವ ಪತಂಗದ ಅಂಡಾಶಯವನ್ನು ಬಿಡಿಸಿದರೋ ಆ ಪತಂಗ ಅಮೆರಿಕ ಖಂಡಗಳ ಉಷ್ಣಪ್ರದೇಶಕ್ಕೆ ಸೇರಿದ್ದು. ಶತಮಾನಗಳ ಕಾಲ ಅದು ಅಲ್ಲಿಯೇ ಇತ್ತು. ೨೦೧೬ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಕಾಣಿಸಿಕೊಂಡಿತು. ೨೦೧೮ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲ ಬಾರಿಗೆ, ನಮ್ಮ ಶಿವಮೊಗ್ಗದಲ್ಲಿ, ಗೋವಿನಜೋಳದ ಸುಳಿಯೊಳಗೆ ಅದರ ಮರಿಯನ್ನು ಅಲ್ಲಿಯ ಕೃಷಿ ವಿಶ್ವವಿದ್ಯಾಲಯದ ಶರಣಬಸಪ್ಪ, ಕಲ್ಲೇಶ್ವರಸ್ವಾಮಿ ಮೊದಲಾದ ಕೀಟತಜ್ಞರು ಗುರುತಿಸಿದರು. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರವನ್ನು ಬುಡಮೇಲು ಮಾಡಿದಂಥ ಬಿಳಿಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಇದು ಅದರ ಗುರುತು. ನಮ್ಮ ರೈತರು ಲದ್ದಿ ಹುಳು, ಸೈನಿಕ ಹುಳು ಎಂದು ಕರೆದರು. ಹೆಣ್ಣು ಪತಂಗ ಸಾವಿರಕ್ಕೂ ಮಿಕ್ಕಿ ತತ್ತಿಯಿಡುತ್ತದೆ. ಗಾಳಿ ಒದಗಿದರೆ ಒಂದು ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲುದು. ಅದೇ ವರ್ಷದ ಮುಂಗಾರಿನಲ್ಲಿ ಅದು ಧಾರವಾಡ, ಹಾವೇರಿ, ಬೆಳಗಾವಿಗಳ ಹೊಲಗಳಲ್ಲಿಯೂ ಇತ್ತು.

ಹುಬ್ಬಳ್ಳಿಯ ಅಂಚಿನ ತಾರಿಹಾಳವನ್ನು ಬಲ್ಲವರಿಗೆ ನಾನು ಹೇಳುವುದು ಸುಲಭವಾಗಿ ಮನದಟ್ಟಾಗುತ್ತದೆ. ಒಂದು ಕಾಲಕ್ಕೆ ಬರಿಯ ಹಳ್ಳಿಯಾಗಿದ್ದ ಆ ಊರಿನ ಹೆಸರು ಇಂದು ಕೈಗಾರಿಕಾ ವಸಾಹತಿನ ಹೆಸರಾಗಿಯೂ ನಡೆಯುತ್ತಿದೆ. ಒಂದು ಕಡೆ ಕಾರಖಾನೆಗಳು. ಅವುಗಳಾಚೆ ಹತ್ತಿ, ಜೋಳ, ಗೋವಿನಜೋಳ ಬೆಳೆಯುವ ಎರೆಭೂಮಿಯ ಸೀಮೆ. ಕಾರಖಾನೆ ಬೇರೆ ಯುಗದ್ದು, ಹೊಲ ಬೇರೆ ಯುಗದ್ದು ಎಂದು ತಿಳಿಯುವುದು ನಮ್ಮ ರೂಢಿ. ನಮ್ಮ ಸೀಸೆಯಾದರೋ ಈ ರೂಢಿಯನ್ನು ಸುಳ್ಳುಮಾಡುತ್ತದೆ. ಅತ್ಯಾಧುನಿಕವೆನಿಸಿದ ಈ ಉದ್ಯಮದ ಕೂಲಿಯಾಳು, ಎರೆಹೊಲದ ರೈತ ಬೈಗು ಬೆಳಗು ಶಪಿಸುವ ಆ ಹುಳುವಿನ ಒಡಲಿನ ಕೋಶ.

೨೦೧೮ರ ಆ ಮುಂಗಾರು ರೈತನಿಗೆ ಕಠಿಣವಾಗಿತ್ತು. ಹುಳು ಸುಳಿಯ ಆಳದಲ್ಲಿ ಕುಳಿತು ತಿನ್ನುತ್ತದೆ. ಮೇಲಿನಿಂದ ಸಿಂಪಡಿಸಿದ ಔಷ್ಣದ ಮದ್ದು ಅದರವರೆಗೆ ಇಳಿಯುವುದಿಲ್ಲ. ಸಿಂಪಡಿಸಿದವನ ಖರ್ಚು ಮಾತ್ರ ಏರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಸಂಚರಿಸಿ ಹಾವಳಿಯ ಸಮೀಕ್ಷೆ ಮಾಡಿದರು. ಹುಳುಗಳಿಗೆ ರೋಗ ತರುವ ಶಿಲೀಂಧ್ರವೊಂದನ್ನು ಬಳಸುವ ವಿದ್ಯೆ ಅಲ್ಲಿ ಮೊದಲಿನಿಂದಲೂ ಇತ್ತು. ಅದು ಈಗ ಪ್ರಯೋಜನಕ್ಕೆ ಬಂತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯವರು ಈ ಹುಳುವಿಗೇ ಸಹಜವಾಗಿ ತಗಲುವ ವೈರಸ್ಸನ್ನು ಬೇರ್ಪಡಿಸಿದರು. ಅದು ಯಾವ ಕುಲದ ವೈರಸ್ಸು? ಕವಚದ ಹರಳುಗಳನ್ನು ಕಟ್ಟುವ, ಹಾಲುತೊಂಡೆಯ ಬಳಗದ, ಅದೇ ಕುಲದ್ದು. ಹೊಲದಿಂದ ಹೊರಟು ಔಷಧಶಾಲೆಗೆ ಹೋದ ವಿದ್ಯೆ ಮತ್ತೆ ಹೊಲದ ಕಡೆಗೆ ಮುಖ ತಿರುಗಿಸಿದಂತಾಯಿತು.

ಆದರೆ ಎರಡು ಕಡೆಯ ಲೆಕ್ಕ ಸಮನಾಗಿದೆಯೆ? ಇದನ್ನು ಯೋಚಿಸಬೇಕು. ಔಷಧೋದ್ಯಮ ಈ ಕೋಶಗಳಿಂದ ಪಡೆದ ಲಾಭ ಅಪಾರ. ಕೋವಿಡ್ ಕಾಲದಲ್ಲಿ ೨೦೨೧ರ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲಿ ಅನುಮತಿ ಪಡೆದ ಕೋವೊವ್ಯಾಕ್ಸ್ ಲಸಿಕೆಯ ಪ್ರೋಟೀನನ್ನೂ ಕಟ್ಟಿದ್ದು ಈ ಪತಂಗದ ಕೋಶಗಳೇ. ಇಮಾಟಿನಿಬ್ ಔಷಧದ ಪ್ರಸಂಗ ಇನ್ನೊಂದು ಬಗೆಯದು. ಮೂಲ ಕಂಪನಿಯ ಗುಳಿಗೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮಿಕ್ಕ ಬೆಲೆಯಿದ್ದಾಗ, ನಮ್ಮ ದೇಶದ ಕಂಪನಿಗಳು ಅದರ ಒಂದು ಸಣ್ಣ ಅಂಶದಷ್ಟು ಬೆಲೆಗೆ ಅದೇ ಮದ್ದನ್ನು ಕೊಡುತ್ತಿದ್ದವು. ೨೦೧೩ರ ಏಪ್ರಿಲ್ ೧ರಂದು ಸರ್ವೋಚ್ಚ ನ್ಯಾಯಾಲಯ ಮೂಲ ಕಂಪನಿಯ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿದ್ದರಿಂದ ಆ ಅಗ್ಗದ ಮದ್ದು ಬಡ ರೋಗಿಗೆ ಉಳಿಯಿತು. ನವನಗರದ ಕ್ಯಾನ್ಸರ್ ಆಸ್ಪತ್ರೆಗೂ ಬೆಂಗಳೂರಿನ ಕಿದ್ವಾಯಿಗೂ ನಮ್ಮ ಹಳ್ಳಿಗಳಿಂದ ಹೋಗುವವರಲ್ಲಿ, ಹುಳು ತಿಂದ ಹೊಲದ ಒಡೆಯರೂ ಇರುತ್ತಾರಷ್ಟೆ. ಹುಳು ಒಂದು ಕೈಯಿಂದ ಅವರ ಬೆಳೆ ಕಸಿದಿದೆ. ಅದರ ಕೋಶವನ್ನು ದುಡಿಸಿ ಹುಡುಕಿದ ಮದ್ದು ಅವರ ಕೈಗೆಟಕುವಂತಿರಬೇಕೆಂಬುದು ಕನಿಷ್ಠ ನ್ಯಾಯ.

ಇತಿಹಾಸದ ಈ ಅಧ್ಯಾಯವನ್ನು ಓದಿದಾಗ ಒಂದು ಮಾತು ಎದ್ದು ಕಾಣುತ್ತದೆ. ಸ್ನಾಯುರಸವನ್ನು ಸೋಸಿದವರು, ಕೋಳಿಯ ಗೆಡ್ಡೆ ಹಿಡಿದು ಕೂತವರು, ರೇಷ್ಮೆ ಹುಳುವಿನ ರೋಗ ನೋಡಿದವರು, ಜೋಳದ ಹುಳುವಿನ ಒಡಲು ಬಿಡಿಸಿದವರು, ಇವರಾರೂ ಈ ಸೀಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರಲ್ಲ. ಬಹುಪಾಲು ಜನ ಹೊರಟಿದ್ದು ರೈತನ ಹಗೆಯನ್ನು ಅರಿಯಲೆಂದು, ಅಥವಾ ಬರಿಯ ತಿಳಿವಿನ ಹಂಬಲದಿಂದ. ಹಗೆಯನ್ನು ಕೊಲ್ಲುವ ಆತುರದಲ್ಲಿ ಅದನ್ನು ಅರಿಯುವ ಕೆಲಸವನ್ನು ಬಿಟ್ಟಿದ್ದರೆ ಇದೊಂದೂ ದೊರೆಯುತ್ತಿರಲಿಲ್ಲ. ಕೀಟಶಾಸ್ತ್ರವೆಂದರೆ ಸಣ್ಣ ಶಾಸ್ತ್ರ, ಕೃಷಿ ವಿದ್ಯಾಲಯವೆಂದರೆ ಎರಡನೆಯ ಪಂಕ್ತಿಯ ವಿದ್ಯಾಲಯ ಎಂಬ ಭಾವನೆ ಊರಿನ ಓದಿದವರಲ್ಲಿಯೂ ಇದೆ. ವೈದ್ಯವಿಜ್ಞಾನ ಆ ಸಣ್ಣ ಶಾಸ್ತ್ರದಿಂದ ತಂದ ಸಾಲ ಎಷ್ಟು ದೊಡ್ಡದೆಂಬುದಕ್ಕೆ ನಾವು ನೋಡಿದ ಸೀಸೆ ಒಂದು ಋಣಪತ್ರ.

ಋಣವನ್ನು ತೀರಿಸುವ ಬಗೆ ಕಠಿಣವೇನಲ್ಲ. ಮುಂದಿನ ಮುಂಗಾರಿನಲ್ಲಿ ಗೋವಿನಜೋಳದ ಸುಳಿಯನ್ನು ಬಿಡಿಸಿ ನೋಡುವ ಕೀಟತಜ್ಞನಿಗೆ, ಕ್ಯಾನ್ಸರಿನ ಕೈನೇಸನ್ನು ಅಳೆಯುವ ವಿಜ್ಞಾನಿಗೆ ಸಲ್ಲುವಷ್ಟೇ ಹಣವೂ ಗೌರವವೂ ಸಲ್ಲಲಿ. ಅವರಿಬ್ಬರೂ ಬಿಡಿಸುತ್ತಿರುವುದು ಒಂದೇ ಲಿಪಿಯ ಎರಡು ಗರಿಗಳನ್ನು.